ತಿಪ್ಪೆಗೆ ಹೋದ ಮಾತ್ರೆಗಳು

ಆಗೆಲ್ಲ ನಮ್ಮ ಕೃಷ್ಣರಾಜಪೇಟೆ ಕಡೆಯ ಹಳ್ಳಿಗಳಲ್ಲಿ ಬನ್ನು ತಿನ್ನಬೇಕೆಂದರೆ ಜ್ವರ ಬರಬೇಕಿತ್ತು. ಗಟ್ಟಿಮುಟ್ಟಾಗಿದ್ದವರಿಗೆ ಮುದ್ದೆ, ಮಲಗಿದವರಿಗೆ ಹಾಲು-ಬನ್ನು. ನನಗೋ ಕಲ್ಲು ತಿಂದರೂ ಕರಗಿಸುವ ಆರೋಗ್ಯ. ಬನ್ನೆಲ್ಲ ತಂಗಿ ಗೌರಿಯ ಪಾಲಾಗುತ್ತಿತ್ತು.

ತೊಂಬತ್ತರ ದಶಕದ ಒಂದು ಚಳಿಗಾಲ. ನಾನು ಆರನೇ ಕ್ಲಾಸು, ಅವಳು ಇನ್ನೂ ಒಂದನೇ ಕ್ಲಾಸು. ಊರ ತುಂಬ ಆಲೆಮನೆಯ ಬೆಲ್ಲದ ವಾಸನೆ. ಗೌರಿಗೆ ಗಂಟಲು ನೋವು ಬಂತು. ಅವ್ವ ಕತ್ತಿಗೆ ಸುಣ್ಣ-ಬೆಲ್ಲ ಹಚ್ಚಿ, ಮುಕ್ಕಳಿಸಲು ಉಪ್ಪುನೀರು ಕೊಟ್ಟಳು. ಮೂರನೇ ದಿನಕ್ಕೆ ಮೈ ಸುಡತೊಡಗಿತು, ಕತ್ತಿನ ಪಕ್ಕ ಗಂಟು ಊದಿತು, ಎಂಜಲು ನುಂಗಲೂ ಅಳುತ್ತಿದ್ದಳು. ಅಪ್ಪ ಪೇಟೆಗೆ ಕರೆದುಕೊಂಡು ಹೋದ. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಒಳಗೆ ಕೀವು ಕಟ್ಟಿದೆ, ಹತ್ತು ದಿನ ಮಾತ್ರೆ ನುಂಗಬೇಕು, ಜ್ವರ ಬಿಟ್ಟರೂ ನಿಲ್ಲಿಸಬಾರದು ಎಂದರಂತೆ.

ಅಪ್ಪ ಅವ್ವ ಬೆಳಿಗ್ಗೆಯೇ ಕಬ್ಬು ಕಡಿಯಲು ಹೋಗುತ್ತಿದ್ದರು. ಮನೆಯಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ, ಹಾಗಾಗಿ ಮಾತ್ರೆ ಕೊಡುವ ಕೆಲಸ ನನಗೇ ಬಂತು. ಮಾತ್ರೆ ಮುಗಿಯುವವರೆಗೂ ಇರಲಿ ಎಂದು ಅಪ್ಪ ಹಾಲಿನ ಗಾಡಿಯವನ ಕೈಲಿ ದಿನಾ ಬನ್ನು ತರಿಸುತ್ತಿದ್ದ. ನಾಲ್ಕನೇ ದಿನಕ್ಕೆ ಗೌರಿ ಕುಂಟೆಬಿಲ್ಲೆ ಆಡುವಷ್ಟು ಗೆಲುವಾದಳು. ಮಾತ್ರೆ ಕಂಡರೆ ಮುಖ ಕಿವುಚುತ್ತಿದ್ದಳು.

“ಮಾತ್ರೆ ಬ್ಯಾಡ ಕಣಕ್ಕ. ಬನ್ನು ನೀನೇ ತಿನ್ಕೊ.”

ನಾನು ಒಪ್ಪಿಬಿಟ್ಟೆ. ಉಳಿದಷ್ಟು ದಿನವೂ ಮಾತ್ರೆ ತಿಪ್ಪೆಗೆ, ಬನ್ನು ನನ್ನ ಹೊಟ್ಟೆಗೆ. ಆ ಬನ್ನು ಬಹಳ ರುಚಿಯಾಗಿತ್ತು. ಇದನ್ನು ಬರೆಯಲೂ ನಾಚಿಕೆಯಾಗುತ್ತದೆ.

ತಿಂಗಳೊಳಗೆ ಗೌರಿಯ ಮಂಡಿ ಊದಿತು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಮೈಸೂರಿನ ದೊಡ್ಡ ಡಾಕ್ಟರು, ಗಂಟಲಿನ ಕಾಯಿಲೆ ಪೂರ್ತಿ ವಾಸಿಯಾಗದೆ ಹೃದಯಕ್ಕೆ ಪೆಟ್ಟು ಕೊಟ್ಟಿದೆ ಎಂದರು. ಮಾತ್ರೆಯನ್ನೆಲ್ಲ ನುಂಗಿದ್ದಳೇ ಎಂದು ಕೇಳಿದರು.

“ನಮ್ ದೊಡ್ಡವ್ಳೇ ಕೈಯಾರೆ ಕೊಟ್ಟವ್ಳೆ ಸಾ, ಒಂದೂ ತಪ್ಸಿಲ್ಲ” ಎಂದಳು ಅವ್ವ, ಹೆಮ್ಮೆಯಿಂದ.

ಗೌರಿ ನನ್ನನ್ನೇ ನೋಡಿದಳು. ನಾನು ನೆಲ ನೋಡಿದೆ.

ಅಲ್ಲಿಂದಾಚೆ ಅವಳಿಗೆ ಮೂರು ವಾರಕ್ಕೊಂದು ಇಂಜೆಕ್ಷನ್ನು, ವರ್ಷಗಟ್ಟಲೆ. ಓದು ಬಾರದ ಅವ್ವನೇ ಗೋಡೆಯ ಮೇಲೆ ಇದ್ದಿಲಲ್ಲಿ ಗೆರೆ ಎಳೆದು ದಿನ ಗುರುತಿಟ್ಟುಕೊಳ್ಳುತ್ತಿದ್ದಳು. ನಾನು ಬರೆದಿಡಲೇ ಎಂದರೆ, ನೀನು ಓದಿಕೋ ಹೋಗು ಎನ್ನುತ್ತಿದ್ದಳು. ನನ್ನ ಮೇಲಿನ ಮುದ್ದಿಗೆ ಹಾಗನ್ನುತ್ತಾಳೆ ಎಂದುಕೊಂಡಿದ್ದೆ.

ಅವ್ವ ತೀರಿಕೊಂಡ ಮರುವರ್ಷ ನಾವಿಬ್ಬರೂ ಮೇಲುಕೋಟೆಗೆ ಹೋಗಿದ್ದೆವು. ಬೆಟ್ಟದ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಗೌರಿ ಉಸಿರು ಸಾಲದೆ ಕೂತಳು. ಪಕ್ಕದಲ್ಲಿ ಕೂತು, ತಪ್ಪಾಯಿತು ಎಂದೆ. ಅವ್ವನಿಗಾದರೂ ನಿಜ ಹೇಳಬೇಕಿತ್ತು ಎಂದೆ.

“ಅವ್ವಂಗೆ ಗೊತ್ತಿತ್ತು ಕಣಕ್ಕ. ಆಸ್ಪತ್ರೆಯಿಂದ ಬಂದ ದಿನಾನೇ ಯೋಳ್ಬುಟ್ಟಿದ್ದೆ. ‘ಅವ್ಳಾಗವ್ಳೇ ಯೋಳ್ಲಿ, ಅಲ್ಲೀಗಂಟ ಸುಮ್ಕಿರು’ ಅಂದಿದ್ಲು.”

ಗೌರಿಯ ಓಡಾಟ ನನ್ನಿಂದ ಹೋಯಿತು ಎಂದಷ್ಟೇ ಅಂದುಕೊಂಡಿದ್ದೆ. ಅವ್ವ ಕಾದಿದ್ದ ಅಷ್ಟೂ ವರ್ಷಗಳೂ ನನ್ನಿಂದಲೇ ಹೋದವು.