ಗೇಣಷ್ಟೇ ತೆರೆಯುವ ಅಕ್ಕ

ಬೆಳಕಿನ್ನೂ ಕಿಟಕಿಯ ಗಾಜು ದಾಟಿಲ್ಲ. ಹೆಂಗಸರ ಜ್ವರದ ವಾರ್ಡಿನಲ್ಲಿ ಬಕೆಟ್ಟಿನ ಹಿಡಿ ಕಿರುಗುಟ್ಟುತ್ತದೆ. ಬಿಸಿನೀರಿನ ಹಬೆ, ಹೆಗಲ ಮೇಲೆ ಮಡಚಿದ ಟವೆಲ್ಲುಗಳು, ಒಂದು ಕಡೆ ಸವೆದ ಚಪ್ಪಲಿ. ಆಯಾ ಬಂದರು. ಎದ್ದು ಸ್ನಾನ ಮಾಡಲಾರದವರ ಮೈ ಒರೆಸುವುದು ಅವರ ಕೆಲಸ. ವಾರ್ಡಿಗೆಲ್ಲ ಅವರು ‘ಟವೆಲ್ ಅಕ್ಕ’. ಅವರ ಬಗ್ಗೆ ಬರೆಯಲೆಂದು ಬಂದವಳು ನಾನು, ಹಿಂದೆಯೇ ಇದ್ದೇನೆ.

ಕಿಟಕಿ ಪಕ್ಕದ ಮಂಚದಲ್ಲಿ ಹುಲ್ಲು ಕೊಯ್ಯುವ ಹೆಂಗಸು. ವಾರ ಕಳೆದರೂ ಜ್ವರ ಯಾವ ಔಷಧಿಗೂ ಬಗ್ಗಿಲ್ಲ. ನಿನ್ನೆಯಿಂದ ಏದುಸಿರು ಬೇರೆ. ರಕ್ತದ ವರದಿ ಬರಬೇಕಷ್ಟೆ. ಡಾಕ್ಟರಿಗೆ ಸ್ಕ್ರಬ್ ಟೈಫಸ್ಸಿನ ಗುಮಾನಿ. ಹುಲ್ಲು ಪೊದೆಗಳಲ್ಲಿರುವ, ಕಣ್ಣಿಗೆ ಬೀಳದಷ್ಟು ಸಣ್ಣ ಹುಳ ಕಚ್ಚಿದಾಗ ಮೈಗೆ ಸೇರುವ ಬ್ಯಾಕ್ಟೀರಿಯಾದ ಜ್ವರ ಅದು. ಕಚ್ಚಿದ ಜಾಗದಲ್ಲಿ ಕೆಲವರಿಗೆ ಸಿಗರೇಟಿನ ತುದಿ ತಾಗಿಸಿದಂಥ ಕಪ್ಪು ಹಕ್ಕಳೆಯಾಗುತ್ತದೆ. ನೋಯುವುದಿಲ್ಲ, ಆದ್ದರಿಂದ ಯಾರೂ ಹೇಳುವುದಿಲ್ಲ. ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಎಲ್ಲೋ ಅಡಗಿ ಕೂತಿರುತ್ತದೆ. ಹುಡುಕೋಣವೆಂದರೆ ಈಕೆ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, “ಮೈಮೇಲೆ ಏನೂ ಇಲ್ಲ” ಎನ್ನುತ್ತಾಳೆ.

“ಡಾಕ್ಟರಿಗೂ ತೋರಿಸಲ್ಲ ಅಂದ್ಯಂತೆ?” ಅಕ್ಕ ಟವೆಲ್ ಹಿಂಡುತ್ತಾ ಕೇಳುತ್ತಾರೆ.

“ಸುತ್ತ ಜನ ಅಕ್ಕ. ಎದುರು ಮಂಚದವರ ಮಗ ಹೊತ್ತಲ್ಲದ ಹೊತ್ತಲ್ಲಿ ಬಂದು ನಿಂತಿರ್ತಾನೆ.”

“ಸರಿ ಬಿಡು, ನಾನೂ ನೋಡಲ್ಲ. ನನ್ನ ಕೈ ಮಾತ್ರ ಬರುತ್ತೆ.”

ಬೆನ್ನನ್ನೇ ಗೋಡೆ ಮಾಡಿಕೊಂಡು ಕೂರುತ್ತಾರೆ. ಹೊದಿಕೆ ಗೇಣಷ್ಟೇ ಸರಿಯುತ್ತದೆ. ಒರೆಸಿದ ಕೂಡಲೇ ಮುಚ್ಚುತ್ತಾರೆ, ಮತ್ತೊಂದು ಗೇಣು ತೆರೆಯುತ್ತಾರೆ. ಟವೆಲ್ಲಿನ ಹಿಂದೆಯೇ ಬೆರಳ ತುದಿಗಳು ಬರುತ್ತವೆ. ಸೊಂಟದ ಹತ್ತಿರ ಬೆರಳು ನಿಲ್ಲುತ್ತದೆ. ಔಷಧಿ ಅಂಗಡಿಯ ಅಂಟುಪಟ್ಟಿ.

“ಇದೇನೇ?”

“ಲಾಡಿ ಗಾಯ. ಲಂಗ ಬಿಗಿಯಾಗಿ ಕಟ್ಟಿದ್ದೆ, ಉಜ್ಜಿದೆ. ಅದನ್ನೂ ಡಾಕ್ಟರಿಗೆ ಹೇಳ್ತಾರಾ?”

“ಉರಿಯುತ್ತಾ?”

“ಇಲ್ಲಕ್ಕ.”

“ಲಾಡಿ ಉಜ್ಜಿದ್ರೆ ಉರೀಬೇಕಲ್ಲೇ. ಗೆರೆ ಬೀಳಬೇಕು.”

ಪಟ್ಟಿಯನ್ನು ನೆನೆಸಿ ಮೆಲ್ಲಗೆ ಬಿಡಿಸುತ್ತಾರೆ. ಗೆರೆಯಲ್ಲ, ಗುಂಡಗಿದೆ. ನಡುವೆ ಕಪ್ಪು, ಸುತ್ತ ಕೆಂಪು ಅಂಚು. ಅಕ್ಕ ಅದನ್ನು ಉಜ್ಜದೆ ಹೊದಿಕೆ ಮುಚ್ಚಿ ಡಾಕ್ಟರನ್ನು ಕರೆಯಲು ಹೋಗುತ್ತಾರೆ.

ಡಾಕ್ಟರಮ್ಮ ಟಾರ್ಚ್ ಹಿಡಿದು ಬರುತ್ತಾರೆ. ಎರಡು ಚಾದರಗಳನ್ನು ತೋಳಗಲಿಸಿ ಹಿಡಿದು ಅಕ್ಕ ನಿಲ್ಲುತ್ತಾರೆ. ವರದಿಗೆ ಕಾಯದೆ ಮಾತ್ರೆ ಬದಲಾಗುತ್ತದೆ. “ಗುರುತು ಎಲ್ಲರಿಗೂ ಇರೋದಿಲ್ಲ, ಇಲ್ಲದಿದ್ರೂ ಔಷಧಿ ಶುರು ಮಾಡ್ಬೇಕಾಗುತ್ತೆ. ಸಿಕ್ಕಿದ್ರೆ ಹಾದಿ ನೇರ” ಎನ್ನುತ್ತಾರೆ ಡಾಕ್ಟರಮ್ಮ. ಇಂಥ ಗುರುತಿನ ಚಿತ್ರ ತೋರಿಸಿ ಅಕ್ಕನಿಗೆ ಕಲಿಸಿದವರೂ ಅವರೇ.

ಗೇಣಿನ ಲೆಕ್ಕ ಕಲಿಸಿದ್ದು ಮಾತ್ರ ಅಕ್ಕನ ಅತ್ತೆ. ಪಾರ್ಶ್ವವಾಯು ಬಡಿದು ವರ್ಷಗಟ್ಟಲೆ ಮಲಗಿದ್ದವರು, ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. “ಪುಕ್ಕ ಕಿತ್ತ ಕೋಳಿ ಥರ ಮಲಗಿಸ್ಬೇಡ ಕಣೆ ನನ್ನ, ಅಂತ ಒಂದಿನ ಬೈದ್ರು. ಅವತ್ತಿಂದ ಯಾರನ್ನೂ ಹಾಗೆ ಮಲಗಿಸಿಲ್ಲ” ಎಂದು ಅಕ್ಕ ನಗುತ್ತಾರೆ. ಅತ್ತೆ ತೀರಿಕೊಂಡ ಮೇಲೆ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದರು. ಕೆಲಸ ಇಂದಿಗೂ ಕಾಯಂ ಆಗಿಲ್ಲ. ಸೋಪಿನ ನೀರಿಗೆ ಕೈ ಬಿರುಕು ಬಿಟ್ಟಿದೆ. ಬೆರಳ ತುದಿಯ ಸ್ಪರ್ಶ ಮಂಕಾದೀತೆಂಬ ಅಂಜಿಕೆಯಿಂದ ಮಲಗುವ ಮುನ್ನ ವ್ಯಾಸಲೀನ್ ಸವರಿಕೊಳ್ಳುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಮೈ. ಮನೆಗೆ ಹೋದರೂ ಕೈ ಸುಮ್ಮನಿರುವುದಿಲ್ಲ. ಮೈದಾನದಿಂದ ಬಂದ ಮಗಳ ಕಿವಿ ಹಿಂದೆ ನೋಡಹೋದರೆ, “ನಾನೇನು ಬದನೆಕಾಯಾ ಅಮ್ಮ, ಹುಳ ಇದ್ಯಾ ಅಂತ ತಿರುಗಿಸಿ ನೋಡೋಕೆ?” ಎಂದು ಓಡುತ್ತಾಳಂತೆ.

ಎರಡು ದಿನ ಬಿಟ್ಟು, ಮುಂಜಾನೆಗೆ ನಾನು ಮತ್ತೆ ಬರುತ್ತೇನೆ. ಕಿಟಕಿ ಪಕ್ಕದ ಮಂಚ ಖಾಲಿ. ಅಕ್ಕನತ್ತ ತಿರುಗುತ್ತೇನೆ. ಅವರು ಗಲ್ಲ ಎತ್ತಿ ತೋರಿಸುತ್ತಾರೆ. ಹುಲ್ಲು ಕೊಯ್ಯುವ ಹೆಂಗಸು ಗೋಡೆ ಹಿಡಿದು ಬಚ್ಚಲ ಕಡೆ ಹೆಜ್ಜೆ ಹಾಕುತ್ತಿದ್ದಾಳೆ. ನಿನ್ನೆ ಸಂಜೆಯೇ ಜ್ವರ ಬಿಟ್ಟಿದೆ.

“ಹಿಡ್ಕೊಳ್ಳಲೇನೇ?”

“ಬೇಡ ಹೋಗಕ್ಕ, ನಿನಗೆ ಬೇರೆ ಕೆಲಸ ಇಲ್ವಾ?”

ನಿಮಗೇನು ಬೇಕು ಎಂದು ಅಕ್ಕನನ್ನು ಕೇಳುತ್ತೇನೆ. “ಮಂಚಕ್ಕೊಂದು ಪರದೆ. ನಾಚಿಕೆಗೆ ಜಾಗ ಇಲ್ಲದ ಕಡೆ ಕಾಯಿಲೆನೂ ಬಾಯಿ ಬಿಡಲ್ಲ.”

ಮತ್ತೇನೋ ಕೇಳಹೊರಟವಳನ್ನು ಕೈಸನ್ನೆಯಲ್ಲೇ ತಡೆದು ಬಚ್ಚಲ ಕಡೆ ಕಿವಿಗೊಡುತ್ತಾರೆ. ಅಲ್ಲಿ ಬಾಗಿಲು ಮುಚ್ಚಿದ ಸದ್ದು, ಹಿಂದೆಯೇ ಟಕ್ ಎಂಬ ಸಣ್ಣ ಶಬ್ದ.

“ಒಳಗಿಂದ ಚಿಲಕ ಹಾಕ್ಕೊಂಡ್ಲು” ಎನ್ನುತ್ತಾರೆ ಅಕ್ಕ, ಮುಖವೆಲ್ಲ ಅರಳಿಸಿಕೊಂಡು.