ಅಕ್ಕನ ಚೊಂಬು, ಬಂದರಿನವಳ ಗುಡ್ಡ

ನಮ್ಮ ಅಕ್ಕನಿಗೆ ಅವಳ ವಿದ್ಯಾರ್ಥಿಗಳು ಇಟ್ಟ ಹೆಸರು ಚೊಂಬು ಮೇಡಂ. ಎದುರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಬೆನ್ನ ಹಿಂದೆ ಹೇಳದವರೂ ಯಾರೂ ಇರಲಿಲ್ಲ. ಅಕ್ಕನಿಗೆ ಗೊತ್ತಿತ್ತು. "ಅನ್ಲಿ ಬಿಡೇ, ಕೈಲಿ ಇರೋದನ್ನೇ ತಾನೇ ಅಂತಾರೆ" ಎನ್ನುತ್ತಿದ್ದಳು.

ಅಕ್ಕನ ಕೆಲಸ ಏನೆಂದು ಕೇಳಿದವರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ಹೊರದೇಶದಿಂದ ಬಂದವರನ್ನು ಒಂದು ವರ್ಷ ತಿದ್ದಿ ತೀಡುವುದು. ಅವರೆಲ್ಲ ತಂತಮ್ಮ ದೇಶದಲ್ಲಿ ಡಿಗ್ರಿ ಮುಗಿಸಿದವರೇ. ಕೆಲವರು ಕಟ್ಟಡ ವಿನ್ಯಾಸದವರು, ಕೆಲವರು ಉದ್ಯಾನ, ಕೆರೆ, ಬಯಲು ಅಂತ ನೆಲದ ವಿನ್ಯಾಸ ಮಾಡುವವರು. ಇಲ್ಲಿನ ಕಾಲೇಜಿನಲ್ಲಿ ಸ್ನಾತಕೋತ್ತರ ಓದಬೇಕಾದರೆ ಇಲ್ಲಿನ ರೀತಿ ಕಲಿಯಬೇಕು. ನಕ್ಷೆ ಹೇಗೆ ಹಾಕಬೇಕು, ಹೇಗೆ ವಾದಿಸಬೇಕು, ಬೈಸಿಕೊಂಡರೂ ಹೇಗೆ ನೆಟ್ಟಗೆ ನಿಲ್ಲಬೇಕು, ಎಲ್ಲ. ವರ್ಷದ ಕೊನೆಗೆ ನಕ್ಷೆ, ಮಾದರಿ ಹೊತ್ತುಕೊಂಡು ಪರೀಕ್ಷಕರ ಮುಂದೆ ನಿಲ್ಲುತ್ತಾರೆ. ಅವರು ಒಪ್ಪಿದರೆ ಸೀಟು, ಇಲ್ಲವಾದರೆ ಗಂಟುಮೂಟೆ.

ಯಾರು ಮಾದರಿ ಮಾಡಿ ತಂದರೂ ಅಕ್ಕ ಅದರ ನೆತ್ತಿಯ ಮೇಲೆ ಚೊಂಬಿನಿಂದ ನೀರು ಸುರಿಯುತ್ತಿದ್ದಳು. "ಕಾಗದದ ಮೇಲೆ ಎಲ್ಲರೂ ಜಾಣರೇ ಕಣಪ್ಪಾ. ಮಳೆ ಬಂದ್ರೆ ನೀರು ಎಲ್ಲಿಗೆ ಹೋಗುತ್ತೆ, ಅದನ್ನ ತೋರ್ಸು." ಹೊಸದಾಗಿ ಬಂದವರಿಗೆ ಇದು ತಿಳಿಯದು. ವಾರವಿಡೀ ಕೂತು ರಟ್ಟಿನಲ್ಲಿ ಮಾಡಿದ್ದು ಕಣ್ಣೆದುರೇ ಕಲಸಿದ ಹಿಟ್ಟಾಗುವುದನ್ನು ನೋಡಿ ಅತ್ತವರಿದ್ದಾರೆ. ಎರಡನೇ ಸಲ ಎಲ್ಲರೂ ಮೇಣ ಹಚ್ಚಿ ತರುತ್ತಿದ್ದರು.

ನಾನು ಹೊಲಿಗೆಯವಳು. ಗಂಡ ತೀರಿಕೊಂಡ ಮೇಲೆ ಅವನ ಕಡೆಯವರು ನನ್ನನ್ನು ಕಂಡರೆ ಮುಖ ಊದಿಸಿಕೊಳ್ಳತೊಡಗಿದ್ದರು. ಒಂದು ಬೆಳಗ್ಗೆ ಅಕ್ಕ ಬಾಡಿಗೆ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದಳು. ಬರುತ್ತೀಯಾ ಎಂದು ಕೇಳಲಿಲ್ಲ, ಸಮಾಧಾನ ಹೇಳಲಿಲ್ಲ. ತನ್ನ ಮನೆಯ ಮುಂದಿನ ಕೋಣೆ ತೋರಿಸಿ, "ಮಷೀನು ಕಿಟಕಿ ಹತ್ರ ಇಡು, ಬೆಳಕು ಚೆನ್ನಾಗಿದೆ" ಎಂದಳು. ಆ ಒಂದು ಮಾತಿಗೆ ನಾನು ಸಾಯುವವರೆಗೂ ಋಣಿ. ಹಾಗಂತ ಅವಳ ಮೇಲೆ ರೇಗುವುದನ್ನೇನೂ ಬಿಟ್ಟಿಲ್ಲ. ಋಣ ಬೇರೆ, ರೇಗಾಟ ಬೇರೆ.

ರೇಗದೆ ಇನ್ನೇನು ಮಾಡಲಿ? ಭಾನುವಾರ ಬಂತೆಂದರೆ ಮನೆ ಸಂತೆ. ನಾನು ಬಟ್ಟೆ ಕತ್ತರಿಸುವ ಉದ್ದನೆ ಮೇಜಿನ ಮೇಲೆ ಅವರ ರಟ್ಟು, ಅಂಟು, ಮರದ ಪುಡಿ. ಮದುವೆ ಹೆಣ್ಣಿನ ರೇಷ್ಮೆಗೆ ಅಂಟು ಮೆತ್ತಿದರೆ ಯಾರು ಜವಾಬ್ದಾರಿ? ಸಾಲದ್ದಕ್ಕೆ ಅಕ್ಕನ ಇನ್ನೊಂದು ಪದ್ಧತಿ. ಪ್ರತಿಯೊಬ್ಬರೂ ತಮ್ಮ ವಿನ್ಯಾಸವನ್ನು ಮೊದಲು ನನಗೆ ವಿವರಿಸಬೇಕು. "ನಮ್ ತಂಗಿಗೆ ಅರ್ಥ ಆದ್ರೆ ಯಾರಿಗಾದ್ರೂ ಅರ್ಥ ಆಗುತ್ತೆ." ಹೊಗಳಿದಳೋ ತೆಗಳಿದಳೋ ದೇವರಿಗೇ ಗೊತ್ತು. ನಾನು ಮಷೀನು ತುಳಿಯುತ್ತಾ ಕೇಳುತ್ತಿದ್ದೆ. ಬೇಸರವಾದರೆ ಆಕಳಿಸುತ್ತಿದ್ದೆ. ನಾನು ಆಕಳಿಸಿದ ಭಾಗವನ್ನು ಅವರು ತೆಗೆದುಹಾಕಬೇಕಿತ್ತು. ನನ್ನ ಬೈಗುಳ ಕೇಳಿಕೇಳಿಯೇ ನಮ್ಮ ಮಾತು ಕಲಿತವರು ಅವರಲ್ಲಿ ಎಷ್ಟೋ ಜನ. ಎಲ್ಲರೂ ನನ್ನನ್ನು ಚಿಕ್ಕಮ್ಮ ಎನ್ನುತ್ತಿದ್ದರು.

ಆ ವರ್ಷ ಬಂದವರಲ್ಲಿ ಒಬ್ಬಳು ಬಂದರಿನವಳು. ಅವಳ ಅಪ್ಪ ಯಾವುದೋ ದೂರದ ಬಂದರಿನಲ್ಲಿ ಹಡಗು ಬರುವ ದಾರಿಯ ಆಳ ಅಳೆಯುವವನಂತೆ. ಇವಳು ಸೊಂಟಕ್ಕೆ ಸೆರಗು ಬಿಗಿದಂತೆ ಶಾಲು ಬಿಗಿದುಕೊಂಡು ಕೆಲಸಕ್ಕೆ ನಿಂತರೆ ಎದುರಿಗೆ ಯಾರಿದ್ದಾರೆಂಬ ಪರಿವೆ ಇರುತ್ತಿರಲಿಲ್ಲ. ಮದುವೆ ಮುರಿದಿತ್ತು. ಪುಟ್ಟ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ನಿಯಮ ಹೀಗಿತ್ತು: ತಯಾರಿಯ ವರ್ಷದಲ್ಲಿ ಮಕ್ಕಳನ್ನು ಕರೆತರುವಂತಿಲ್ಲ. ಸ್ನಾತಕೋತ್ತರಕ್ಕೆ ಸೀಟು ಸಿಕ್ಕಿದರೆ ಕರೆಸಿಕೊಳ್ಳಬಹುದು. ಅಂದರೆ ಅವಳ ಪಾಲಿಗೆ ಆ ಪರೀಕ್ಷೆ ಎಂದರೆ ಮಗಳು.

ನನ್ನ ಮೇಜಿನ ಪಕ್ಕ ನಿಂತೇ, ಮಗಳಿಗೂ ನಮ್ಮ ಮಾತು ಬರಲಿ ಎಂದು ಫೋನಿನಲ್ಲಿ ಅದರಲ್ಲೇ ಹೇಳುತ್ತಿದ್ದಳು. "ಅಮ್ಮ ನಿಂಗೊಂದು ಕೆರೆ ಮಾಡ್ತಿದಾಳೆ, ಪುಟ್ಟಿ. ಬಂದ್ಮೇಲೆ ಕಾಲು ಇಳಿಬಿಟ್ಕೊಂಡು ಕೂರೋಣ, ಆಯ್ತಾ?" ನನಗೆ ದಾರ ಸೂಜಿಗೆ ಹೋಗುತ್ತಿರಲಿಲ್ಲ. ಕಣ್ಣಿಗೆ ಧೂಳು ಬಿತ್ತೆಂದು ಗೊಣಗುತ್ತಿದ್ದೆ.

ಅವಳಿಗೆ ಸಿಕ್ಕ ಜಾಗ ಮುಚ್ಚಿಹೋದ ಒಂದು ಇಟ್ಟಿಗೆ ಕಾರ್ಖಾನೆಯ ಹಿತ್ತಲು. ಅಲ್ಲೊಂದು ಉದ್ಯಾನ ವಿನ್ಯಾಸ ಮಾಡಬೇಕು. ಸುತ್ತ ಎತ್ತರದ ಗೋಡೆ, ಗೇಟಿಗೆ ಬೀಗ. ಒಳಗೆ ಹೋಗಲು ಅನುಮತಿ ಇವತ್ತು ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು. ಪ್ರತಿ ವರ್ಷ ಅಕ್ಕ ಎಲ್ಲರ ಜಾಗವನ್ನೂ ತಾನೇ ನೋಡಿ ಬರುವವಳು. ಆ ವರ್ಷ ಮಂಡಿಯ ಆಪರೇಷನ್ ಆಗಿ ಮನೆಯಲ್ಲಿದ್ದಳು. ಹಾಗಾಗಿ ಬಂದರಿನವಳ ಕೈಲಿದ್ದದ್ದು ನೆಲದ ನಕ್ಷೆಯೊಂದೇ. ಒಂದೇ ಮಟ್ಟದ ಜಾಗಗಳನ್ನು ಸೇರಿಸುವ ಗೆರೆಗಳು, ಒಂದರೊಳಗೊಂದು ಬಳೆಗಳ ಹಾಗೆ, ಗೆರೆಗೊಂದು ಅಂಕಿ. ಗೋಡೆಯ ಆಚೆ ಮರದ ತಲೆಗಳು ಕಾಣುತ್ತಿದ್ದವಂತೆ. "ಎಷ್ಟು ಎತ್ತರದ ಮರಗಳು ಚಿಕ್ಕಮ್ಮಾ!" ಎಂದು ಹಿಗ್ಗಿ ಬಂದಿದ್ದಳು.

ಗೆರೆಗೆ ತಕ್ಕಂತೆ ರಟ್ಟಿನ ಹಾಳೆಗಳಲ್ಲಿ ತೂತು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೇಣ ಬಳಿದು ಮಾದರಿ ತಂದಳು. ಸೊಗಸಾದ ತಗ್ಗು, ಮೆಟ್ಟಿಲು ಮೆಟ್ಟಿಲಾಗಿ ಇಳಿದು ನಡುವೆ ಕೆರೆ. ಅಕ್ಕ ಚೊಂಬು ಎತ್ತಿ ಸುರಿದಳು. ನೀರು ಮೆಟ್ಟಿಲಿಳಿದು ಹೋಗಿ ನಡುವೆ ತಣ್ಣಗೆ ಕೂತಿತು. ಒಂದು ಹನಿ ಆಚೆ ಈಚೆ ಹೋಗಲಿಲ್ಲ.

"ಭೇಷ್!" ಎಂದಳು ಅಕ್ಕ. ನಾನು ಮಷೀನು ನಿಲ್ಲಿಸಿ ತಿರುಗಿ ನೋಡಿದೆ. ಆ ಬಾಯಲ್ಲಿ ಆ ಮಾತು ಕೇಳಿ ಯಾವ ಕಾಲವಾಗಿತ್ತೋ!

ಪರೀಕ್ಷೆಗೆ ಇನ್ನೆರಡು ವಾರ ಇದೆ ಎನ್ನುವಾಗ ಗೇಟಿಗೆ ಅನುಮತಿ ಸಿಕ್ಕಿತು. ಅಕ್ಕ ಕೋಲು ಊರಿಕೊಂಡು ಹೊರಟಳು. ಹಿಡಿದುಕೊಳ್ಳಲು ನಾನು, ಮುಂದೆ ಬಂದರಿನವಳು. ಕಾವಲಿನವ ಬೀಗ ತೆಗೆಯುತ್ತಾ, "ಏನ್ ನೋಡ್ಬೇಕಮ್ಮಾ?" ಎಂದ.

"ಇಲ್ಲಿ ತಗ್ಗಿದೆಯಲ್ಲ, ಅದನ್ನ" ಎಂದಳು ಬಂದರಿನವಳು.

"ತಗ್ಗಾ? ಎಲ್ಲಿ ತಗ್ಗು? ಗುಡ್ಡ ಇದೆ, ಬೇಕಾದ್ರೆ ನೋಡಿ."

ಗೇಟು ತೆರೆದರೆ ನಿಜವಾಗಿಯೂ ಗುಡ್ಡ! ಕಾರ್ಖಾನೆಯವರು ಒಡೆದ ಇಟ್ಟಿಗೆ, ಬೇಡದ ಮಣ್ಣು ಸುರಿದೂ ಸುರಿದೂ ಆನೆ ಕೂತ ಹಾಗೆ ಒಂದು ದಿಬ್ಬ. ಅದರ ನೆತ್ತಿಯ ಮೇಲೆ ನನ್ನೆತ್ತರದ ಕುರುಚಲು ಗಿಡಗಳು. ಎತ್ತರದ ಮರಗಳೆಂದರೆ ಇವೇ. ನನಗೆ ನಗು ಬಂತು, ಬಂದರಿನವಳ ಮುಖ ನೋಡಿ ಅಲ್ಲಿಗೇ ನುಂಗಿಕೊಂಡೆ. ಅವಳು ಬೂದಿ ಬಣ್ಣಕ್ಕೆ ತಿರುಗಿದ್ದಳು. ನೆಲದ ಮೇಲೆ ಕುಸಿದು ಕೂತು ನಕ್ಷೆ ಬಿಡಿಸಿದಳು.

"ಒಳಗೆ ಹೋಗ್ತಾ ಹೋಗ್ತಾ ಅಂಕಿ ದೊಡ್ಡದಾಗಿದೆ, ಮೇಡಂ. ದೊಡ್ಡ ಅಂಕಿ ಅಂದ್ರೆ ಆಳ ಅಲ್ವಾ? ಅಪ್ಪನ ನಕ್ಷೇಲಿ ಹಾಗೇ ಇರೋದು. ನಾನು ಓದೋದು ಕಲಿತಿದ್ದೇ ಅದರಲ್ಲಿ."

ಸಮುದ್ರದ ನಕ್ಷೆಯಲ್ಲಿ ಅಂಕಿ ಬೆಳೆದಷ್ಟೂ ಆಳ. ನೆಲದ ನಕ್ಷೆಯಲ್ಲಿ ಅಂಕಿ ಬೆಳೆದಷ್ಟೂ ಎತ್ತರ. ಇದು ಅವಳಿಗೆ ಕಾಲೇಜಿನಲ್ಲಿ ಗೊತ್ತಾಗಿರಲಿಲ್ಲ ಎಂದಲ್ಲ. ಅವಸರದಲ್ಲಿ, ಕೈ ತಾನಾಗಿ ಹಳೆಯ ದಾರಿ ಹಿಡಿದಿತ್ತು. ನಾನೂ ಎಷ್ಟೋ ಸಲ ಎಡಗೈ ತೋಳನ್ನು ಬಲಕ್ಕೆ ಹೊಲಿದಿದ್ದೇನೆ.

"ಮುಗೀತು. ನನ್ನ ಮಗಳನ್ನ ಕರೆಸೋದು ಮುಗೀತು" ಎಂದು ಅವಳು ಮುಖ ಮುಚ್ಚಿಕೊಂಡಳು.

ಅಕ್ಕ ಕೋಲಿನ ಮೇಲೆ ಭಾರ ಬಿಟ್ಟು ಗುಡ್ಡವನ್ನೇ ನೋಡುತ್ತಿದ್ದಳು. ಆಮೇಲೆ ಹೇಳಿದಳು, "ನೀನೊಬ್ಬಳೇ ಅಲ್ಲಮ್ಮಾ ಎಡವಿದ್ದು. ಚೊಂಬು ನಂಬ್ಕೊಂಡು ನಾನು ನಕ್ಷೇನೇ ನೋಡ್ಲಿಲ್ಲ. ಭೇಷ್ ಬೇರೆ ಅಂದೆ, ನನ್ ಬಾಯಿಗಿಷ್ಟು ಮಣ್ಣು! ಏಳು ಮೇಲೆ. ಗೆರೆ ಎಲ್ಲಾ ಸರಿಯಾಗೇ ಕತ್ತರಿಸಿದೀಯ. ಕತ್ತರಿಸಿ ತೆಗೆದ ತುಂಡುಗಳು ಎಲ್ಲಿ?"

"ಯಾವ ತುಂಡು ಮೇಡಂ?"

"ತೂತು ಮಾಡ್ದಾಗ ಉಳಿದಿದ್ದು. ತೂತಿಂದ ತೆಗೆದಿದ್ದನ್ನ ಒಂದರ ಮೇಲೊಂದು ಇಟ್ರೆ ಏನಾಗುತ್ತೆ ಹೇಳು?"

ಬಂದರಿನವಳು ಕಣ್ಣು ಬಿಟ್ಟಳು. ದೊಡ್ಡ ತುಂಡು ಕೆಳಗೆ, ಅದರ ಮೇಲೆ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು. ಗುಡ್ಡ! ಎದುರಿಗಿದ್ದ ಇದೇ ಗುಡ್ಡ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಮರುಕ್ಷಣವೇ ಮುಖ ಮತ್ತೆ ಬಾಡಿತು. "ಕಸಕ್ಕೆ ಹಾಕ್ಬಿಟ್ಟೆ, ಮೇಡಂ."

ಆಗ ನಾನು ಬಾಯಿ ಬಿಟ್ಟೆ. "ನೀನು ಹಾಕ್ದೆ, ನಾನು ತೆಗೆದಿಟ್ಟೆ. ಅಷ್ಟು ಒಳ್ಳೆ ರಟ್ಟು, ಬಿಸಾಕೋಕೆ ಮನಸ್ಸು ಬರುತ್ತೇನೇ? ನನ್ನ ಮೇಜಿನ ಕೆಳಗೆ ಚೀಲದಲ್ಲಿದೆ."

ನಾನು ಚಿಂದಿಯನ್ನೂ ಬಿಸಾಡುವವಳಲ್ಲ. ಇದಕ್ಕೇ ಅಕ್ಕ ನನ್ನನ್ನು ಜಿಪುಣಿ ಎಂದು ಹಂಗಿಸುತ್ತಿದ್ದಳು. ಆ ದಿನ ಕೋಲು ಬಿಟ್ಟು ಎರಡೂ ಕೈಯಲ್ಲಿ ನನ್ನ ಕೆನ್ನೆ ಹಿಡಿದುಕೊಂಡಳು. ಆಮೇಲೆ ಬೀಳದ ಹಾಗೆ ಅವಳನ್ನು ನಾನೇ ಹಿಡಿದುಕೊಳ್ಳಬೇಕಾಯಿತು.

ಮನೆಗೆ ಬಂದು ಚೀಲ ಸುರಿದೆವು. ಎಲ್ಲ ತುಂಡೂ ಇದ್ದವು, ತುದಿಯದೊಂದು ಬಿಟ್ಟು. ಅದನ್ನು ನಾನು ಅಂಗಿಯ ಕಾಲರಿನ ಅಚ್ಚಾಗಿ ಕತ್ತರಿಸಿಕೊಂಡಿದ್ದೆ. "ಅಯ್ಯೋ ಚಿಕ್ಕಮ್ಮಾ, ನನ್ನ ಗುಡ್ಡದ ತಲೆ!" ಎಂದು ಬಂದರಿನವಳು ಅಳುತ್ತಲೇ ನಕ್ಕಳು. ಕಾಲರಿಗೆ ಹಾಕುವ ಗಟ್ಟಿ ಬಟ್ಟೆಯಲ್ಲಿ ಹೊಸ ತಲೆ ಮಾಡಿಕೊಟ್ಟೆ. ಅವಳು ಎಲ್ಲವನ್ನೂ ಅಂಟಿಸಿ ಮೇಣ ಬಳಿದಳು.

ನೆಲವೇನೋ ಸಿಕ್ಕಿತು, ವಿನ್ಯಾಸ ಮೊದಲಿಂದ ಆಗಬೇಕಿತ್ತು. ಗುಡ್ಡದ ಮೇಲೆ ಕೆರೆ ನಿಲ್ಲುವುದಿಲ್ಲವಲ್ಲ. ಅಕ್ಕ ಎಂದೂ ವಿದ್ಯಾರ್ಥಿಯ ಹಾಳೆಗೆ ಪೆನ್ಸಿಲ್ ಮುಟ್ಟಿಸಿದವಳಲ್ಲ, ಆಗಲೂ ಮುಟ್ಟಿಸಲಿಲ್ಲ. ಪಕ್ಕದಲ್ಲಿ ಕೂತು ನೀರು ಸುರಿದಳು, ಮತ್ತೆ ಸುರಿದಳು. ನೀರು ನಾಲ್ಕೂ ಕಡೆ ಓಡಿ ನನ್ನ ಮೇಜು ಹಾಳಾಯಿತು. ಬಂದರಿನವಳು ಅದು ಓಡುವ ದಾರಿ ನೋಡಿ ನೋಡಿ, ಗುಡ್ಡದ ಬುಡಕ್ಕೆ ಸುತ್ತಲೂ ಒಂದು ಕಾಲುವೆ, ಕಾಲುವೆಯ ಪಕ್ಕ ನೆರಳಿನ ದಾರಿ, ಹತ್ತಲು ಬಳಸು ಮೆಟ್ಟಿಲು ಬರೆದಳು. ನನಗೆ ವಿವರಿಸಿದಳು. ನಾನು ಆಕಳಿಸಲಿಲ್ಲ.

ಪರೀಕ್ಷೆಯ ದಿನ ಅಕ್ಕ ಒಳಗಿದ್ದಳು, ನಾನು ಕಾಲೇಜಿನ ಮೊಗಸಾಲೆಯ ಬೆಂಚಿನಲ್ಲಿ ಗುಂಡಿ ಹಾಕುತ್ತಾ ಕೂತಿದ್ದೆ. ಬಾಗಿಲ ಸಂದಿಯಿಂದ ಅವಳ ದನಿ ಕೇಳುತ್ತಿತ್ತು. ಗುಡ್ಡದ ತುದಿ ಯಾಕೆ ಬಟ್ಟೆಯದು ಎಂದು ಪರೀಕ್ಷಕರು ಕೇಳಿದರು. ಅವಳು ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು: ಅಪ್ಪನ ಸಮುದ್ರ, ತಲೆಕೆಳಗಾದ ಗುಡ್ಡ, ಚಿಕ್ಕಮ್ಮನ ಕಾಲರು. ಒಳಗೆ ನಗು ಕೇಳಿಸಿತು. ನಾನು ನಾಲ್ಕು ಗುಂಡಿ ತಪ್ಪು ಕಡೆ ಹಾಕಿದ್ದೆ.

ಅಕ್ಕ ಹೊರಗೆ ಬಂದಳು. ಅವಳ ಮುಖದಲ್ಲಿ ಏನಾದರೂ ಓದಲು ಆಗುತ್ತದೆಯೇ? "ಗಿಡಗಳ ನಕ್ಷೆ ದಂಡ ಅಂದ್ರು. ಮೊದಲ ವರ್ಷ ಚೆನ್ನಾಗಿ ತಿದ್ಕೋಬೇಕಂತೆ."

"ಮೊದಲ ವರ್ಷ ಅಂದ್ರೆ..."

"ಸೀಟು ಕಣೇ, ಮಂಕೇ!"

ಮಳೆಗಾಲ ಮುಗಿಯುವ ಹೊತ್ತಿಗೆ ಬಂದರಿನವಳ ಮಗಳು ಬಂದಳು. ತಾಯಿಯ ಶಾಲು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿತ್ತು ಮಗು, ಹೊಸ ಚಪ್ಪಲಿ ಹಾಕಿಕೊಂಡು. ಮೇಜಿನ ಮೇಲೆ ಆ ಗುಡ್ಡವಿತ್ತು. ಮಗು ಅದನ್ನು ನೋಡಿತು, ಸುತ್ತಲೂ ನೋಡಿತು, ಆಮೇಲೆ ಮೆಲ್ಲಗೆ ಕೇಳಿತು. "ಅಮ್ಮಾ, ಕೆರೆ ಎಲ್ಲಿ?"

ಬಂದರಿನವಳು ಅಕ್ಕನ ಕಡೆ ತಿರುಗಿದಳು. ಫೋನಿನಲ್ಲಿ ಅಷ್ಟು ತಿಂಗಳು ಕೊಟ್ಟ ಮಾತು ಅದು. ಅಕ್ಕ ಎದ್ದು ಹೋಗಿ ಚೊಂಬು ತುಂಬಿಸಿ ತಂದು ಮಗುವಿನ ಕೈಗೆ ಕೊಟ್ಟಳು. "ಸುರಿ ಪುಟ್ಟಿ. ಪೂರ್ತಿ ಸುರಿ."

ಮಗು ಸುರಿಯಿತು. ನೀರು ಗುಡ್ಡ ಇಳಿದು, ಕಾಲುವೆ ತುಂಬಿ ಉಕ್ಕಿ, ಮೇಜಿನ ಅಂಚು ದಾಟಿ, ಆಗ ತಾನೇ ಒರೆಸಿದ್ದ ನನ್ನ ನೆಲದ ಮೇಲೆ ಹರಡಿ ನಿಂತಿತು. ನಾನು ಒರೆಸುವ ಬಟ್ಟೆ ಎತ್ತಿಕೊಂಡೆ, ಬಾಯಿಗೆ ಬೈಗುಳವೂ ಬಂದಿತ್ತು. ಅಷ್ಟರಲ್ಲಿ ಮಗು ಚಪ್ಪಲಿ ಬಿಚ್ಚಿ ಬದಿಗಿಟ್ಟು, ಎರಡೂ ಪಾದ ಆ ನೀರಿಗೆ ಇಟ್ಟಿತು. ತಾಯಿ ಅದರ ಪಕ್ಕದಲ್ಲೇ, ನೆಲದ ಮೇಲೆ, ನೀರಿನಲ್ಲಿ ಕೂತುಬಿಟ್ಟಳು.

ನಾನು ಬಟ್ಟೆಯನ್ನು ಮತ್ತೆ ಮೊಳೆಗೆ ನೇತು ಹಾಕಿದೆ. ಮಷೀನಿಟ್ಟ ಕಿಟಕಿಯಿಂದ ಬೆಳಕು ಬಂದು ಆ ನೀರಿನ ಮೇಲೆ ಬಿದ್ದಿತ್ತು.

"ಬೆಳಕು ಚೆನ್ನಾಗಿದೆ ಅಲ್ವೇನಕ್ಕಾ" ಎಂದೆ.

"ಅವತ್ತೇ ಹೇಳಿರ್ಲಿಲ್ವಾ" ಎಂದಳು ಅಕ್ಕ.