ಕಿವಿ ಹಿಡಿದುಕೊಳ್ಳುವ ಶನಿವಾರ

ಓಜೆಲ್ಲಾ ಪಿಂಕ್ನಿ ತನ್ನ ಮೂವತ್ತು ವರ್ಷಗಳ ಕಸುಬಿನಲ್ಲಿ ಯಾರ ಕಿವಿಯನ್ನೂ ಸುಟ್ಟವಳಲ್ಲ. ಸವಾನಾ ಪಟ್ಟಣದ ನಮ್ಮ ಬೀದಿಯಲ್ಲಿ ಅದು ಸಣ್ಣ ಕೀರ್ತಿಯಾಗಿರಲಿಲ್ಲ. ಹಿತ್ತಾಳೆಯ ಬಾಚಣಿಗೆಯನ್ನು ಒಲೆಯ ಮೇಲೆ ಕಾಯಿಸಿ, ಎಣ್ಣೆ ಸವರಿದ ಗುಂಗುರು ಕೂದಲನ್ನು ಬುಡದಿಂದ ತುದಿಯವರೆಗೆ ಎಳೆದು ನೆಟ್ಟಗೆ ಮಾಡುವುದು ಅವಳ ಕೆಲಸ. ಬಾಚಣಿಗೆ ಹತ್ತಿರ ಬಂದಾಗ ಕುರ್ಚಿಯಲ್ಲಿ ಕುಳಿತವಳು ತನ್ನ ಕಿವಿಯನ್ನು ತಾನೇ ಮಡಿಚಿ ಹಿಡಿದುಕೊಳ್ಳಬೇಕು. ನಮ್ಮ ಕಪ್ಪು ಹೆಂಗಸರೆಲ್ಲ ಹಾಗೆ ಕಿವಿ ಹಿಡಿದುಕೊಂಡೇ ಬೆಳೆದವರು. ಯಾರ ತಲೆ ಯಾರ ಕೈಯಲ್ಲಿ ಎಂಬುದು, ಯಾರು ಯಾವ ಚರ್ಚಿನವರು ಎಂಬಷ್ಟೇ ಖಚಿತವಾದ ಸಂಗತಿ; ಬೇರೆ ಕೈಗೆ ತಲೆ ಒಪ್ಪಿಸಿದವಳನ್ನು ನಂಟು ಕಡಿದುಕೊಂಡವಳೆಂದೇ ಬಗೆಯುತ್ತಿದ್ದರು.

ಪೇಟೆಯಲ್ಲಿ ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕೌಂಟರುಗಳಲ್ಲಿ ನಮ್ಮ ಹುಡುಗಿಯರು ಧರಣಿ ಕೂರಲು ಹೊರಟ ವರ್ಷ, ಹಿಂದಿನ ದಿನ ಅವರನ್ನೆಲ್ಲ ಕೂರಿಸಿ ತಲೆ ಬಾಚಿ ಕಳಿಸಿದವಳು ಓಜೆಲ್ಲಾ. "ಬೈಸ್ಕೊಳ್ಳೋಕೇ ಹೋಗ್ತಿದೀರ, ಸರಿ. ಕೆದರಿದ ತಲೆ ಅಂತ ಮಾತ್ರ ಬೈಸ್ಕೋಬೇಡಿ" ಎಂದಿದ್ದಳು. ಒಂಬತ್ತು ವರ್ಷಗಳಲ್ಲಿ ಕೌಂಟರುಗಳು ತೆರೆದುಕೊಂಡವು, ಮೆಂಫಿಸ್‌ನಲ್ಲಿ ನಮ್ಮ ನಾಯಕರನ್ನು ಗುಂಡಿಟ್ಟು ಕೊಂದರು, ಅದೇ ಹುಡುಗಿಯರು ನೆಟ್ಟಗಿನ ಕೂದಲನ್ನೇ ಬಿಳಿಯರ ಅನುಕರಣೆ, ಗುಲಾಮಗಿರಿ ಎನ್ನತೊಡಗಿದರು.

ಅಷ್ಟನ್ನು ಅವಳು ಸಹಿಸಿಕೊಂಡಿದ್ದಳೇನೋ. ಸಹಿಸಲಾಗದ್ದು ರೋಸೀನಳ ಅಂಗಡಿ. ಓಜೆಲ್ಲಾಳ ಪಕ್ಕದಲ್ಲೇ ನಿಂತು ಕಸುಬು ಕಲಿತ ರೋಸೀನ್, ಹಿಂದಿನ ಬೇಸಿಗೆಯಲ್ಲಿ ತನ್ನ ತಲೆಯನ್ನೇ ಮೊದಲು ಕತ್ತರಿಸಿಕೊಂಡು, ಎದುರು ಮನೆಯಲ್ಲಿ ಕುರ್ಚಿ ಹಾಕಿದಳು. ಅಲ್ಲಿ ಒಲೆಯೇ ಇರಲಿಲ್ಲ. ಹುಟ್ಟಿದ ಕೂದಲನ್ನು ಹುಟ್ಟಿದ ಹಾಗೆಯೇ ಬಿಟ್ಟು, ದುಂಡಗೆ ಕತ್ತರಿಸುವುದಷ್ಟೇ ಅವಳ ವಿದ್ಯೆ.

ರೋಸೀನ್ ಅಂಗಡಿ ಹಾಕಿದ ಮೇಲಿನ ಮೊದಲ ಈಸ್ಟರಿನ ಹಿಂದಿನ ಶನಿವಾರ, ಪಕ್ಕದ ಮನೆಯವಳಾದ ನಾನು ಎಂದಿನಂತೆ ಓಜೆಲ್ಲಾಳ ಮುಂಗೋಣೆಯಲ್ಲಿ ಕುಳಿತಿದ್ದೆ. ಹಿಂದೆಲ್ಲ ಆ ದಿನ ಅಲ್ಲಿ ನಿಲ್ಲಲೂ ಜಾಗವಿರುತ್ತಿರಲಿಲ್ಲ. ಈಗ ಸಾಲು ಎದುರು ಮನೆಯ ಮೆಟ್ಟಿಲ ಮೇಲಿತ್ತು. ಅವಳು ಪರದೆಯ ಸಂದಿಯಿಂದ ಒಂದೊಂದು ತಲೆಯನ್ನೂ ಗುರುತಿಸುತ್ತಿದ್ದಳು.

"ಕುರಿ ಉಣ್ಣೆ ಕತ್ತರಿಸೋಕೆ ಇಷ್ಟು ಜನಾನಾ?"

"ನಿನ್ನ ಕಾಫಿ ಆರ್ತಿದೆ" ಎಂದೆ.

"ಆರ್ಲಿ ಬಿಡು. ಮದರ್ ಟೆಂಪಿ ಬರ್ತಾರಲ್ಲ, ಅವ್ರು ಬಂದ್ರೆ ಸಾಕು."

ಟೆಂಪಿ ಸನ್ಯಾಸಿನಿಯಲ್ಲ; ನಮ್ಮ ಚರ್ಚಿನವರು ಗೌರವದಿಂದ ಮದರ್ ಎಂದು ಕರೆಯುವ ಹಿರಿಯ ಹೆಂಗಸು. ಬಿಳಿ ಉಡುಪಿನಲ್ಲಿ ಮೊದಲ ಬೆಂಚಿನಲ್ಲಿ ಕೂರುವ ಆಕೆಯ ತಲೆ ಎತ್ತಲೋ ಉಳಿದ ಮುದುಕಿಯರದೂ ಅತ್ತಲೇ. ಆ ಒಂದು ತಲೆ ರಸ್ತೆ ದಾಟಿದರೆ ಓಜೆಲ್ಲಾ ಒಲೆ ಆರಿಸಿ ಕೂರಬೇಕಿತ್ತು.

ಮಧ್ಯಾಹ್ನ ಮದರ್ ಟೆಂಪಿ ಬಂದರು, ಹೊಸ್ತಿಲಲ್ಲೇ ನಿಂತರು.

"ಒಳಗೆ ಬನ್ನಿ ಮದರ್. ಮೋಡ ಕವೀತಿದೆ, ಮಳೆ ಬರೋಕ್ಮುಂಚೆ ಮುಗಿಸ್ಬಿಡೋಣ."

"ಇನ್ಮೇಲೆ ಮಳೆ ಬಂದ್ರೆ ನಂಗೇನು ಮಗಳೇ? ನಿನ್ನ ಬಾಚಣಿಗೆ ಕಂಡಾಗಿಂದ ಮಳೇಲಿ ನೆಂದೇ ಇಲ್ಲ ನಾನು. ಒಂದು ಹನಿ ಬಿದ್ರೂ ಕೂದಲು ಮತ್ತೆ ಸುತ್ಕೊಳತ್ತೆ ಅಂತ ಓಡಿದ್ದೇ ಆಯ್ತು." ಆಕೆ ಎದುರು ಮನೆಯತ್ತ ಗಲ್ಲ ಎತ್ತಿದರು. "ಅಲ್ಲಿಗೆ ಹೋಗ್ತಿದೀನಿ. ಬೇರೆಯೋರಿಂದ ಕೇಳೋದು ಬೇಡ ಅಂತ ನಾನೇ ಹೇಳೋಕ್ಬಂದೆ."

"ಯಾವತ್ತಾದ್ರೂ ನಿಮ್ಮನ್ನ ಸುಟ್ಟಿದೀನಾ?"

"ಇಲ್ಲ. ಸುಡ್ತೀಯೇನೋ ಅಂತ ಮೂವತ್ತು ವರ್ಷ ಕಿವಿ ಹಿಡ್ಕೊಂಡು ಕೂತಿದೀನಿ, ಅಷ್ಟೇ."

ಆಕೆ ರಸ್ತೆ ದಾಟಿದರು. ಕಾದ ಬಾಚಣಿಗೆ ಒಲೆಯ ಮೇಲೆ ವ್ಯರ್ಥವಾಗಿ ಹೊಗೆಯಾಡಿತು. "ಯಾರೂ ಬರದಿದ್ರೆ ನನ್ನ ತಲೆ ಇಲ್ವಾ?" ಎಂದು ಓಜೆಲ್ಲಾ ಕಿಟಕಿಗೆ ಬೆನ್ನು ಹಾಕಿ, ಬಾಚಣಿಗೆ ಹಿಡಿದು ಕನ್ನಡಿಯ ಮುಂದೆ ಕುಳಿತಳು. ಆ ಕನ್ನಡಿಯಲ್ಲಿ ಅವಳ ಮುಖದ ಜೊತೆಗೆ ಎದುರು ಮನೆಯ ಕಿಟಕಿಯೂ ಕಾಣುತ್ತಿತ್ತು. ಅಲ್ಲಿ ಮದರ್ ಟೆಂಪಿ ತಲೆ ಹಿಂದಕ್ಕೆ ಚೆಲ್ಲಿ ನಕ್ಕರು. ತನ್ನ ಕುರ್ಚಿಯಲ್ಲಿ ಆಕೆ ಹಾಗೆ ನಕ್ಕದ್ದನ್ನು ಓಜೆಲ್ಲಾ ಎಂದೂ ಕಂಡಿರಲಿಲ್ಲ. ನೋಟ ಅಲ್ಲೇ ನಿಂತಿತು, ಕೈ ಮಾತ್ರ ಮುಂದುವರಿಯಿತು. ಚುರ್ ಎಂದಿತು.

ಅವಳು ಸುಟ್ಟ ಮೊದಲ ಕಿವಿ ಅವಳದೇ.

"ಬಾಯಿ ಮುಚ್ಕೊಂಡಿರು" ಎಂದಳು ನನಗೆ. ನಾನು ಏನೂ ಹೇಳಿರಲಿಲ್ಲ.

ಸಂಜೆ ರೋಸೀನ್ ಬಂದಳು, ಬಾಗಿಲು ಬಡಿಯದೆ, ಹಳೆಯ ಅಭ್ಯಾಸದಂತೆ. ಯಾರ ಕೈಯೂ ಅವರವರ ಕತ್ತಿನ ಹಿಂಭಾಗಕ್ಕೆ ಸರಿಯಾಗಿ ನಿಲುಕದು. ಪ್ರತಿ ಈಸ್ಟರ್ ಶನಿವಾರ, ಎಲ್ಲರ ತಲೆಯೂ ಮುಗಿದ ಮೇಲೆ, ಓಜೆಲ್ಲಾಳ ಕತ್ತಿನ ಕೂದಲನ್ನು ರೋಸೀನಳೇ ನೆಟ್ಟಗೆ ಮಾಡುತ್ತಿದ್ದಳು.

"ಬಂದ್ಯಾ, ಬೀಗೋಕೆ?"

"ಹಿಂದುಗಡೆ ಯಾರು ಮಾಡ್ತಾರೆ ಮಿಸ್ ಓಜೆಲ್ಲಾ?" ಎಂದವಳು ಕಿವಿಯನ್ನು ಕಂಡಳು. "ಅಯ್ಯೋ, ಬೆಣ್ಣೆ ಹಚ್ಚಿದೀರಾ? ಹುರಿಯೋಕಾ?"

ನಾನು ನಗು ನುಂಗಿಕೊಂಡೆ. ಓಜೆಲ್ಲಾ ನಗಲಿಲ್ಲ, ಹೊರಟು ಹೋಗು ಎಂದೂ ಹೇಳಲಿಲ್ಲ. ರೋಸೀನ್ ಒಲೆ ಹಚ್ಚಿ, ಬಾಚಣಿಗೆಯನ್ನು ಬಟ್ಟೆಗೆ ಒತ್ತಿ ಕಾವು ನೋಡಿದಳು. ಕೈ ಏನನ್ನೂ ಮರೆತಿರಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು ಎಂಬಂತೆ ಓಜೆಲ್ಲಾ ಕನ್ನಡಿಯಲ್ಲಿ ಆ ಕೈಯನ್ನೇ ದಿಟ್ಟಿಸಿದಳು.

ಆಮೇಲೆ ಕೇಳಿದಳು: "ಮದರ್ ಏನಂದ್ರು ಅಲ್ಲಿ?"

"ಏನಿಲ್ಲ. ಕತ್ತರಿ ಎತ್ತಿದ್ರೆ ಸಾಕು, ಕಿವಿ ಹಿಡ್ಕೊಳೋರು. ಬೆಂಕಿ ಇಲ್ಲ ಮದರ್, ಬಿಡಿ ಅಂದ್ರೂ ಬಿಡ್ಲಿಲ್ಲ."

ಓಜೆಲ್ಲಾಳ ಮುಖದಲ್ಲಿ ಆ ದಿನ ಮೊದಲ ಬಾರಿಗೆ ರಕ್ತವಾಡಿತು. "ಬಿಡಲ್ಲ ಕಣೆ" ಎಂದಳು, ಕಳ್ಳ ತೃಪ್ತಿಯಿಂದ. "ನೀನೇನು ಮಾಡಿದ್ರೂ ಬಿಡಲ್ಲ." ಮತ್ತೆ ತಾನೇ ಮುಂದಕ್ಕೆ ಬಾಗಿ, ಸುಟ್ಟ ಕಿವಿಯನ್ನು ಮಡಿಚಿ ಹಿಡಿದಳು.

ಮರುದಿನ ಆರಾಧನೆ ಮುಗಿಯುವ ಹೊತ್ತಿಗೆ ಮಳೆ ಹಿಡಿಯಿತು. ಕೂದಲು ನೆನೆಯದಂತೆ ತಲೆಗೆ ಪ್ಲಾಸ್ಟಿಕ್ ಹಾಳೆ ಹೊದ್ದು, ಅದನ್ನು ಗಲ್ಲದ ಕೆಳಗೆ ಬಿಗಿದು ಕಟ್ಟಿಕೊಂಡು ಓಜೆಲ್ಲಾ ಚರ್ಚಿನ ಜಗಲಿಯಲ್ಲಿ ನನ್ನ ಪಕ್ಕ ನಿಂತಿದ್ದಳು. ಮದರ್ ಟೆಂಪಿ ಟೋಪಿಯನ್ನು ಕೈಯಲ್ಲಿ ಹಿಡಿದು, ಬೆಳ್ಳಗಿನ ಪುಟ್ಟ ತಲೆಯ ಮೇಲೆ ನೀರು ಬೀಳಿಸಿಕೊಳ್ಳುತ್ತ ರಸ್ತೆಯ ನಡುವೆ ಮನೆಗೆ ಹೋಗುತ್ತಿದ್ದರು. ಓಜೆಲ್ಲಾ ಕಣ್ಣು ಕೀಳಲಿಲ್ಲ.

"ನೋಡು" ಎಂದಳು, "ಬೇಕೂಂತಲೇ ನಿಧಾನ ನಡೀತಿದಾರೆ."